ಮಳೆಗಾಲಕ್ಕೆ ಬೋಟು ದಡ ಹತ್ತಿಸುವುದು: ಗೋವಾದ ಸಣ್ಣ ಬೋಟು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಂಡವಿ, ಜುವಾರಿ, ಚಾಪೊರಾ, ಸಾಳ ನದಿಗಳಲ್ಲಿ ಮತ್ತು ಅಳಿವೆಯ ಆಸುಪಾಸಿನಲ್ಲಿ ವಿಹಾರಕ್ಕೋ ಗಾಳ ಹಾಕಲಿಕ್ಕೋ ಸಣ್ಣ ಬೋಟು ಇಟ್ಟುಕೊಂಡಿರುವ ಕನ್ನಡಿಗರಿಗಾಗಿ ಈ ಉತ್ತರಗಳು. 14ರಿಂದ 22 ಅಡಿಯ ಫೈಬರ್ ಬೋಟು, 15ರಿಂದ 60 ಎಚ್‌ಪಿಯ ಔಟ್‌ಬೋರ್ಡ್ ಇಂಜಿನ್ (ಬೋಟಿನ ಹಿಂಬದಿಗೆ ಹೊರಗಡೆ ಕಚ್ಚಿಸುವ ಇಂಜಿನ್) ಎಂದು ಇಟ್ಟುಕೊಂಡು ಬರೆದಿದೆ. ಮರದ ದೋಣಿ, ಕಯಾಕ್, ಹಾಯಿದೋಣಿ ಇರುವವರು ಕೊನೆಯ ಕಡೆ ಬರುವ ಅವುಗಳ ಭಾಗವನ್ನೂ ನೋಡಿ. ನಿಮ್ಮ ಇಂಜಿನ್ನಿನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ನಡೆಯಲಿ.

ಬೋಟನ್ನು ಯಾವಾಗ ಮೇಲೆತ್ತಬೇಕು?

ಮೇ ತಿಂಗಳ ಮೊದಲ ಹದಿನೈದು ದಿನಗಳೊಳಗೆ. ಮುಂಗಾರು ಗೋವಾ ಮುಟ್ಟುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ. ಹಾಗಂತ ಮೇ ಕೊನೆಯವರೆಗೆ ಕಾದರೆ ಎರಡು ತೊಂದರೆ. ಪಶ್ಚಿಮ ಕರಾವಳಿಯ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಇರುವುದರಿಂದ ಮಾಲಿಂ, ಕುಟ್ಬೊಣ, ಚಾಪೊರಾ ಜೆಟ್ಟಿಗಳಲ್ಲೆಲ್ಲ ಆ ವಾರ ಟ್ರಾಲರುಗಳದೇ ಗಡಿಬಿಡಿ. ಕ್ರೇನೂ ಸಿಗುವುದಿಲ್ಲ, ಮೆಕ್ಯಾನಿಕ್ಕೂ ಸಿಗುವುದಿಲ್ಲ. ಇನ್ನೊಂದು, ಅರಬ್ಬೀ ಸಮುದ್ರದ ಚಂಡಮಾರುತ ಮುಂಗಾರಿಗೆ ಕಾಯುವುದಿಲ್ಲ. ತೌಕ್ತೆ ಗೋವಾದ ಪಕ್ಕದಲ್ಲಿ ಹಾದುಹೋದದ್ದು 2021ರ ಮೇ 16ರಂದು.

ರ‍್ಯಾಂಪ್ ಮೇಲೆ ಟ್ರೇಲರ್ ಇಳಿಸಿ ಎಳೆಯುವವರು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಭರತ ನೋಡಿಕೊಳ್ಳಿ. ಭರತ ತುಂಬುವುದಕ್ಕೆ ಅರ್ಧ ಗಂಟೆ ಮೊದಲು ಕೆಲಸ ಶುರುವಾಗಲಿ. ಬೋಟು ಓರೆಯಾಗಿ ಕೂತರೂ ನೀರು ಇನ್ನೂ ಏರುತ್ತಿರುತ್ತದೆ, ಎತ್ತಿ ಸರಿ ಮಾಡಬಹುದು. ಇಳಿತದಲ್ಲಿ ಸಿಕ್ಕಿಕೊಂಡರೆ ಮುಂದಿನ ಭರತದ ತನಕ ಕೂತಿರಬೇಕು.

ವಿಡಿಯೊಗಳಲ್ಲಿ ಇಂಜಿನ್ನಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕುತ್ತಾರಲ್ಲ, ಇಲ್ಲೂ ಬೇಕೇ?

ಬೇಡ, ದುಡ್ಡು ದಂಡ. ಅವು ಹಿಮ ಬೀಳುವ ಊರಿನವರು ಮಾಡಿದ ವಿಡಿಯೊ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಬ್ಲಾಕಿನೊಳಗೆ ಉಳಿದ ನೀರು ಎರಕವನ್ನೇ ಸೀಳುತ್ತದೆ. ಗೋವಾದಲ್ಲಿ ಆ ಭಯವಿಲ್ಲ. ಅವರು ಬೋಟಿಗೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿ ಬಿಸಿಗಾಳಿ ಹಾಯಿಸುತ್ತಾರಲ್ಲ, ಅದನ್ನಂತೂ ಇಲ್ಲಿ ಮಾಡಲೇಬೇಡಿ. ನಮ್ಮಲ್ಲಿ ಬೋಟು ಹಾಳಾಗುವುದು ಒಳಗೆ ನಿಂತ ಮಳೆನೀರಿನಿಂದ, ಆಡದ ಗಾಳಿಯಿಂದ, ತೊಳೆಯದೆ ಬಿಟ್ಟ ಉಪ್ಪಿನಿಂದ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಉಪ್ಪಿನ ಪದರ ಉಳಿದ ಕಡೆ ನಾಲ್ಕು ತಿಂಗಳೂ ಒಣಗುವುದಿಲ್ಲ.

ಮೊದಲು ಯಾವ ಕೆಲಸ?

ತಳ ಕೆರೆಯುವುದು. ಬೋಟು ಮೇಲೆ ಬಂದ ದಿನವೇ, ಹಸಿಯಾಗಿರುವಾಗಲೇ. ತಳಕ್ಕೆ ಕಚ್ಚಿಕೊಳ್ಳುವ ಕಡಲಜೀವಿ ಬಾರ್ನಕಲ್‌ನ ಚಿಪ್ಪು ಒದ್ದೆ ಇರುವಾಗ ಪ್ಲಾಸ್ಟಿಕ್ ಅಥವಾ ಮರದ ಹಲಗೆಯ ಅಂಚಿಗೆ ಕಿತ್ತು ಬರುತ್ತದೆ. ಎರಡು ದಿನ ಬಿಸಿಲು ಕಂಡರೆ ಚಿಪ್ಪು ಹಾರಿ, ಸುಣ್ಣದ ಬಿಳಿ ಉಂಗುರ ಮಾತ್ರ ಫೈಬರಿನ ಹೊರಪದರವಾದ ಜೆಲ್‌ಕೋಟಿಗೆ ಕಚ್ಚಿ ಕೂರುತ್ತದೆ. ಆಗ ಕಬ್ಬಿಣದ ಕರಣೆ ಹಿಡಿದವರು ಜೆಲ್‌ಕೋಟನ್ನೂ ಕೆತ್ತಿಬಿಡುತ್ತಾರೆ. ಉಂಗುರ ಉಳಿದಿದ್ದರೆ ಬೋಟಿಗೆಂದೇ ಸಿಗುವ ತೆಳು ಆಮ್ಲದ ಕ್ಲೀನರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು, ಧಾರಾಳ ಸಿಹಿನೀರಿನಲ್ಲಿ ತೊಳೆಯಿರಿ. ಬಚ್ಚಲು ತೊಳೆಯುವ ಆ್ಯಸಿಡ್ ಬೇಡ. ಇಂಜಿನ್ನಿನ ಅಲ್ಯೂಮಿನಿಯಂ ಕಾಲಿನ (ನೀರಿಗಿಳಿಯುವ ಕೆಳಭಾಗದ) ಮೇಲೆ ಅದು ಸಿಡಿದರೆ ಬಣ್ಣ ಎದ್ದು ಲೋಹ ತಿಂದುಹಾಕುತ್ತದೆ.

ತೊಳೆದಾದ ಮೇಲೆ ತಳದ ಮೇಲೆ ಅಂಗೈ ಆಡಿಸಿ. ಸಣ್ಣ ಗುಳ್ಳೆ ತಾಕಿದರೆ ಪೆನ್ಸಿಲಿನಿಂದ ಸುತ್ತು ಹಾಕಿಡಿ. ಒಡೆದಾಗ ಹುಳಿವಾಸನೆಯ ದ್ರವ ಬಂದರೆ ನೀರು ಫೈಬರಿನೊಳಕ್ಕೆ ಇಳಿದಿದೆ ಎಂದರ್ಥ. ಮಳೆಗಾಲದಲ್ಲಿ ಅದರ ರಿಪೇರಿಗೆ ಕೈ ಹಾಕಬೇಡಿ, ಒಣಗುವುದೇ ಇಲ್ಲ. ಗುರುತು ಇರಲಿ, ಮುಂದಿನ ಬೇಸಿಗೆಗೆ ನೋಡಿಕೊಳ್ಳಬಹುದು.

ಇಂಜಿನ್ ತೊಳೆಯಲು ಎಷ್ಟು ಹೊತ್ತು ಓಡಿಸಬೇಕು?

ಸಿಹಿನೀರಿನಲ್ಲಿ 10ರಿಂದ 15 ನಿಮಿಷ, ನ್ಯೂಟ್ರಲ್‌ನಲ್ಲಿ, ಐಡಲ್ ವೇಗದಲ್ಲಿ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆಯೇ ಬ್ಲಾಕಿನ ಪೂರ್ತಿ ಸಿಹಿನೀರು ಓಡಾಡುವುದು. ಎರಡು ನಿಮಿಷ ಓಡಿಸಿ ಆಫ್ ಮಾಡಿದರೆ ತೊಳೆದಂತೆ ಕಾಣುತ್ತದೆ, ಉಪ್ಪು ಒಳಗೇ ಇರುತ್ತದೆ.

ಪ್ರೊಪೆಲರ್ ಮೊದಲೇ ಕಳಚಿಡಿ. ನೀರೆಳೆಯುವ ಜಾಲರಿಗೆ ಎರಡೂ ಬದಿಯಿಂದ ರಬ್ಬರ್ ಮಫ್ (ನಲ್ಲಿಯ ಪೈಪ್ ಜೋಡಿಸುವ ಬಟ್ಟಲು) ಹಾಕಿ, ನಲ್ಲಿ ಬಿಟ್ಟ ಮೇಲೆಯೇ ಇಂಜಿನ್ ಶುರು ಮಾಡಿ. ಮಫ್ ಇಲ್ಲದಿದ್ದರೆ 200 ಲೀಟರಿನ ಡ್ರಮ್ಮಿನಲ್ಲಿ ಇಂಜಿನ್ನಿನ ಕಾಲು ಇಳಿಸಿ. ನೀರು ಜಾಲರಿಗಿಂತ ಸಾಕಷ್ಟು ಮೇಲೆ ನಿಲ್ಲಬೇಕು. ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತಿದೆಯೇ ಎಂದು ನೋಡುತ್ತಲೇ ಇರಿ, ನಿಂತ ಕ್ಷಣ ಇಂಜಿನ್ ನಿಲ್ಲಿಸಿ. ಒಣ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಇಂಪೆಲರ್ ಕೆಲವೇ ಸೆಕೆಂಡಿನಲ್ಲಿ ಸುಟ್ಟು ಚೂರಾಗುತ್ತದೆ. ಆ ಚೂರುಗಳು ತಂಪು ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹುಡುಕಿ ತೆಗೆಯುವುದೇ ಒಂದು ದಿನದ ಕೆಲಸ.

ಯಮಹಾದಂಥ ಫೋರ್-ಸ್ಟ್ರೋಕ್ ಇಂಜಿನ್‌ಗಳಿಗೆ ಹೋಸ್ ಪೈಪ್ ನೇರ ಜೋಡಿಸುವ ಬಾಯಿ ಕೊಟ್ಟಿರುತ್ತಾರೆ. ಅದು ಇಂಜಿನ್ ಆಫ್ ಇದ್ದಾಗ ತೊಳೆಯಲಿಕ್ಕೆ. ಅದಕ್ಕೆ ಪೈಪ್ ಹಾಕಿ ಇಂಜಿನ್ ಓಡಿಸಬೇಡಿ.

ಉಳಿದ ಪೆಟ್ರೋಲ್ ಏನು ಮಾಡಲಿ? ಟ್ಯಾಂಕ್ ತುಂಬಿಸಿಡಬೇಕೇ, ಖಾಲಿ ಮಾಡಬೇಕೇ?

ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಇ20. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಹೀರಿದ್ದು ಮಿತಿ ಮೀರಿತೆಂದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಇಂಜಿನ್ನಿಗೆ ಇಂಧನ ಎಳೆಯುವ ನಳಿಗೆ ಇರುವುದೂ ತಳದಲ್ಲೇ. ಹಾಗಾಗಿ ಅಕ್ಟೋಬರ್‌ನಲ್ಲಿ ಇಂಜಿನ್ ಮೊದಲು ಕುಡಿಯುವುದು ಆ ನೀರನ್ನೇ.

ಎತ್ತಿಕೊಂಡು ಹೋಗಬಹುದಾದ 12 ಅಥವಾ 24 ಲೀಟರಿನ ಟ್ಯಾಂಕಾದರೆ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಮುಚ್ಚಳ ಹಾಕಿಡಿ. ಎಣ್ಣೆ ಬೆರೆಸದ ಪೆಟ್ರೋಲನ್ನು ಕಾರಿಗೋ ಸ್ಕೂಟರಿಗೋ ಹಾಕಿ ಮುಗಿಸಬಹುದು. ಟು-ಸ್ಟ್ರೋಕ್ ಮಿಶ್ರಣವನ್ನು, ಅಂದರೆ 50:1ರಂತೆ ಲೀಟರಿಗೆ 20 ಮಿ.ಲೀ. ಎಣ್ಣೆ ಬೆರೆಸಿದ್ದನ್ನು, ಸ್ಕೂಟರಿಗೆ ಹಾಕಬೇಡಿ. ನಿಷೇಧಕ್ಕೆ ಮೊದಲು ಇನ್ನೂ ಕಡಲಿಗೆ ಹೋಗುತ್ತಿರುವ ನಾಡದೋಣಿಯವರು ಖುಷಿಯಿಂದ ತಗೊಳ್ಳುತ್ತಾರೆ.

ಬೋಟಿನೊಳಗೇ ಕೂರಿಸಿದ ದೊಡ್ಡ ಟ್ಯಾಂಕನ್ನು ಖಾಲಿ ಮಾಡುವುದು ಕಷ್ಟ. ಅದನ್ನು ಸುಮಾರು ಶೇ. 95ರಷ್ಟು ತುಂಬಿಸಿ, ಡಬ್ಬಿಯ ಮೇಲಿನ ಅಳತೆಯಂತೆ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ, ಆಮೇಲೆ ಇಂಜಿನ್ ಹತ್ತು ನಿಮಿಷ ಓಡಿಸಿ. ಸ್ಟೆಬಿಲೈಸರ್ ಟ್ಯಾಂಕಿನಲ್ಲಿದ್ದರಷ್ಟೇ ಸಾಲದು, ಕಾರ್ಬುರೇಟರಿನ ತನಕ ತಲುಪಬೇಕು. ಅರ್ಧ ತುಂಬಿದ ಟ್ಯಾಂಕ್ ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ತೇವದ ಗಾಳಿಗೂ ಜಾಗ ಉಂಟು, ಹಾಳಾಗಲು ಪೆಟ್ರೋಲೂ ಉಂಟು.

ಕಾರ್ಬುರೇಟರ್ ಇಂಜಿನ್ನಾದರೆ ಇಂಧನದ ಪೈಪ್ ಕಿತ್ತು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಸಾಕೆಂದು ಎಲ್ಲರೂ ಹೇಳುತ್ತಾರೆ. ಸಾಲದು. ಕಾರ್ಬುರೇಟರಿನ ಇಂಧನದ ಬಟ್ಟಲಿನ ತಳದಲ್ಲಿ ಒಂದೆರಡು ಚಮಚ ಉಳಿದೇ ಇರುತ್ತದೆ. ಪ್ರತಿ ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅದನ್ನೂ ಬಸಿಯಿರಿ. ಉಳಿದದ್ದು ಆರಿ ಅಂಟಾದರೆ ಮೊದಲು ಕಟ್ಟಿಕೊಳ್ಳುವುದು ಐಡಲ್ ಜೆಟ್‌ನ ಸೂಜಿತೂತು. ಚೋಕ್ ಎಳೆದಾಗ ಇಂಜಿನ್ ಹಿಡಿಯುತ್ತದೆ, ಬಿಟ್ಟ ತಕ್ಷಣ ಸಾಯುತ್ತದೆ ಎಂಬ ಅಕ್ಟೋಬರ್ ತಿಂಗಳ ಗೋಳಿಗೆ ಹೆಚ್ಚಿನ ಸಲ ಇದೇ ಕಾರಣ.

ಸಿಲಿಂಡರಿಗೆ ಎಣ್ಣೆ ಬಿಡುವುದು ಹೇಗೆ?

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಸ್ಪ್ರೇ ಹೊಡೆಯಿರಿ. ಅದು ಸಿಗದಿದ್ದರೆ ಒಂದೊಂದು ಚಹಾ ಚಮಚ ಶುದ್ಧ ಇಂಜಿನ್ ಎಣ್ಣೆ ಬಿಡಿ. ಕಿಲ್ ಸ್ವಿಚ್‌ನ ಕೊಕ್ಕೆ ತೆಗೆದಿಟ್ಟು, ಫ್ಲೈವೀಲನ್ನು ಕೈಯಿಂದಲೇ ನಾಲ್ಕೈದು ಸುತ್ತು ತಿರುಗಿಸಿ ಎಣ್ಣೆ ಗೋಡೆಗೆಲ್ಲ ಹರಡಲಿ. ತಿರುಗಿಸುವುದು ಇಂಜಿನ್ ತಿರುಗುವ ದಿಕ್ಕಿಗೇ. ಹಿಂದಕ್ಕೆ ತಿರುಗಿಸಿದರೆ ಇಂಪೆಲರಿನ ರೆಕ್ಕೆ ಮಡಚಿ ಮುರಿಯಬಹುದು. ಹಳೆಯ ಪ್ಲಗ್ಗನ್ನೇ ವಾಪಸ್ ಹಾಕಿಡಿ, ಹೊಸದು ಅಕ್ಟೋಬರಿಗಿರಲಿ.

ಗೇರ್ ಆಯಿಲ್ ಈಗಲೇ ಬದಲಿಸಬೇಕೇ, ಸೀಸನ್ ಶುರುವಿಗೆ ಬದಲಿಸಿದರೆ ಸಾಲದೇ?

ಈಗಲೇ. ಇಡೀ ಪಟ್ಟಿಯಲ್ಲಿ ಒಂದೇ ಕೆಲಸ ಮಾಡಲು ಪುರಸೊತ್ತಿದ್ದರೆ ಇದನ್ನು ಮಾಡಿ.

ಇಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಡಿಗೊಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಇಟ್ಟು ಇಂಜಿನ್ನಿನ ಕಾಲಿನ ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ನಿಧಾನ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಒಳಗೆ ನೀರು ಹೊಕ್ಕಿದ್ದರೆ ಮೊದಲ ಹನಿಗಳೇ ನೀರು. ಆಮೇಲೆ ಮೇಲಿನ ಸ್ಕ್ರೂ ಬಿಚ್ಚಿ, ಅರ್ಧ ಗಂಟೆ ಪೂರ್ತಿ ಬಸಿಯಲು ಬಿಡಿ. ಎಣ್ಣೆ ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಒಳಬರದಂತೆ ತಡೆಯುವ ಸೀಲ್ ಹೋಗಿದೆ. ಸ್ಕ್ರೂವಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಹಿಟ್ಟು ಅಂಟಿರುವುದು ಸಹಜ, ಆದರೆ ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಗೇರ್ ಸವೆದಿದೆ, ಮೆಕ್ಯಾನಿಕ್‌ಗೆ ತೋರಿಸಿ.

ಸೀಲ್ ಹೋಗುವುದಕ್ಕೆ ದೊಡ್ಡ ಕಾರಣ ಗಾಳದ ನೈಲಾನ್ ದಾರ. ಪ್ರೊಪೆಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು, ಬಿಸಿಗೆ ಕರಗಿ, ಸೀಲಿನ ತುಟಿಯೊಳಗೆ ನುಗ್ಗುತ್ತದೆ. ಪ್ರೊಪೆಲರ್ ಹೇಗೂ ಕಳಚಿದ್ದೀರಿ, ಅಲ್ಲಿ ಬೆರಳಾಡಿಸಿ ನೋಡಿ. ನೀರು ಬೆರೆತ ಎಣ್ಣೆಯಲ್ಲಿ ನಾಲ್ಕು ತಿಂಗಳು ಕೂತ ಬೇರಿಂಗ್ ತುಕ್ಕು ಹಿಡಿಯುತ್ತದೆ, ಸೀಸನ್ ಶುರುವಿಗೆ ಎಣ್ಣೆ ಬದಲಿಸಿದರೂ ತುಕ್ಕು ಹೋಗುವುದಿಲ್ಲ.

ತುಂಬಿಸುವುದು ಕೆಳಗಿನ ತೂತಿನಿಂದ. ಕೈಪಿಡಿ ಹೇಳಿದ ದರ್ಜೆಯ ಹೈಪಾಯ್ಡ್ ಗೇರ್ ಆಯಿಲನ್ನು, ಸಾಮಾನ್ಯವಾಗಿ ಎಸ್‌ಎಇ 90, ಪಂಪಿನಿಂದ ಒತ್ತಿ. ಈ ಗಾತ್ರದ ಇಂಜಿನ್ನಿಗೆ ಒಂದು ಲೀಟರಿನ ಡಬ್ಬಿ ಸಾಕು, ಮಿಗುತ್ತದೆ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಹೊರಬಂದ ಮೇಲೆ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಪಂಪ್ ಕಿತ್ತು ಕೆಳಗಿನದು ಹಾಕಿ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಎಣ್ಣೆ ಕಡಿಮೆ ಬೀಳುತ್ತದೆ. ಎರಡೂ ಸ್ಕ್ರೂಗೆ ಹೊಸ ವಾಷರ್ ಹಾಕಿ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಗೇರ್‌ಬಾಕ್ಸ್ ಕಳಕೊಂಡವರಿದ್ದಾರೆ.

ಫೋರ್-ಸ್ಟ್ರೋಕ್ ಇಂಜಿನ್ನಿನ ಎಣ್ಣೆ?

ಅದೂ ಈಗಲೇ, ಫಿಲ್ಟರ್ ಸಮೇತ, ಕಾರ್ಬುರೇಟರ್ ಬಸಿದು ಸಿಲಿಂಡರಿಗೆ ಎಣ್ಣೆ ಬಿಡುವ ಮೊದಲೇ. ಬಳಸಿದ ಎಣ್ಣೆಯಲ್ಲಿ ತೇವವೂ ಆಮ್ಲವೂ ಇರುತ್ತವೆ. ಬಿಸಿ ಇಂಜಿನ್ನಿನಿಂದ ಬಸಿಯಿರಿ, ಹೊಸದು ತುಂಬಿ ಎರಡು ನಿಮಿಷ ಓಡಿಸಿ ನಿಲ್ಲಿಸಿ.

ಇಂಜಿನ್ನನ್ನು ಬೋಟಿನಲ್ಲೇ ಬಿಡಬಹುದೇ?

15 ಎಚ್‌ಪಿಯದ್ದನ್ನು ಇಬ್ಬರು ಎತ್ತಿ ಮನೆಗೆ ತರಬಹುದು, ತನ್ನಿ. ಕಳವಿನ ಭಯವೂ ತಪ್ಪುತ್ತದೆ. ಮರದ ಸ್ಟ್ಯಾಂಡಿಗೆ ನೆಟ್ಟಗೆ ಕಚ್ಚಿಸಿ ಇಡಿ. 40ರ ಮೇಲಿನವು ಬೋಟಿನಲ್ಲೇ ಇರಲಿ, ಆದರೆ ಮೇಲಕ್ಕೆ ಮಡಚಿ ಅಲ್ಲ, ಪೂರ್ತಿ ಕೆಳಗಿಳಿಸಿ. ಮಡಚಿಟ್ಟರೆ ಪ್ರೊಪೆಲರ್ ನಡುವಿನ ಎಕ್ಸಾಸ್ಟ್ ಬಾಯಿ ಆಕಾಶ ನೋಡುತ್ತಾ ಮಳೆನೀರು ತುಂಬಿಕೊಳ್ಳುತ್ತದೆ. ಸ್ಟೀರಿಂಗ್ ಕೇಬಲ್ಲಿನ ಉಕ್ಕಿನ ಕಡ್ಡಿ ಪೂರ್ತಿ ಒಳಗೆ ಹೋಗುವಂತೆ ತಿರುಗಿಸಿ, ಗ್ರೀಸ್ ಹೊಡೆದು ಬಿಡಿ. ಹೊರಗೇ ಉಳಿದದ್ದು ಗಂಟಾಗಿ ಕಚ್ಚಿಕೊಳ್ಳುತ್ತದೆ, ಸುತ್ತಿಗೆಗೂ ಬಗ್ಗುವುದಿಲ್ಲ. ಹುಡ್ ತೆಗೆದು ಲೋಹಕ್ಕೆಲ್ಲ ತುಕ್ಕುನಿರೋಧಕ ಸ್ಪ್ರೇ ಹೊಡೆಯಿರಿ.

ಬ್ಯಾಟರಿ?

ಕಳಚಿ ಮನೆಗೆ ತನ್ನಿ, ಮೈನಸ್ ತಂತಿ ಮೊದಲು. ಟರ್ಮಿನಲ್ಲಿನ ಹಸಿರು-ಬಿಳಿ ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲೀನ್ ಸವರಿ. ನೀರಿನ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿ, ಪೂರ್ತಿ ಚಾರ್ಜ್ ಮಾಡಿ. ಚಾರ್ಜರ್ ತೆಗೆದು ಕೆಲವು ಗಂಟೆ ಕಳೆದ ಮೇಲೆ ಮಲ್ಟಿಮೀಟರ್ 12.6ರಿಂದ 12.7 ವೋಲ್ಟ್ ತೋರಿಸಬೇಕು. ತಿಂಗಳಿಗೊಮ್ಮೆ ಅಳೆಯಿರಿ, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ. ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಅಕ್ಟೋಬರ್‌ನಲ್ಲಿ ಎಷ್ಟು ಚಾರ್ಜ್ ಮಾಡಿದರೂ ನಿಲ್ಲುವುದಿಲ್ಲ. ಸಿಮೆಂಟ್ ನೆಲದ ಮೇಲೆ ಇಟ್ಟರೆ ಕರೆಂಟ್ ಇಳಿದುಹೋಗುತ್ತದೆ ಎಂಬುದು ಹಳೇ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ.

ಮೇಲೆ ತಾಡಪಾಲು ಹೊದಿಸಿದರೆ ಮುಗಿಯಿತಲ್ಲ?

ಹೊದಿಸುವ ರೀತಿಯಲ್ಲಿ ಎಲ್ಲ ಇದೆ. ಲೆಕ್ಕ ಹಾಕಿ ನೋಡಿ: 5 ಮೀಟರ್ ಉದ್ದ, 2 ಮೀಟರ್ ಅಗಲದ ಬೋಟಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರು, ಅಂದರೆ ಒಂದು ಟನ್. ಗೋವಾದ ಜುಲೈಯಲ್ಲಿ ಒಂದು ದಿನಕ್ಕೆ 100 ಮಿ.ಮೀ. ಅಪರೂಪವಲ್ಲ. ಆ ಭಾರಕ್ಕೆ ಟ್ರೇಲರಿನ ಸ್ಪ್ರಿಂಗ್ ಕೂರುತ್ತದೆ, ಬೋಟಿಗೆ ಪಕ್ಕದಿಂದ ಕೊಟ್ಟ ಊರುಗೋಲು ಜಾರುತ್ತದೆ, ಬೋಟಿನ ತಳ ಬಿರುಕು ಬಿಡುತ್ತದೆ.

ಆದ್ದರಿಂದ ಮೊದಲು ಬೋಟಿನ ಹಿಂಬದಿ ತಳದ ಡ್ರೈನ್ ಪ್ಲಗ್ ಬಿಚ್ಚಿ. ಬಿಚ್ಚಿದ್ದನ್ನು ಸ್ಟೀರಿಂಗ್‌ಗೆ ದಾರದಿಂದ ಕಟ್ಟಿ ನೇತುಹಾಕಿ, ಇಳಿಸುವ ದಿನ ಕಣ್ಣಿಗೆ ಬೀಳಲಿ. ಬೋಟಿನ ಮೂತಿ ಹಿಂಬದಿಗಿಂತ ಒಂದು ಗೇಣಾದರೂ ಎತ್ತರ ಇರಬೇಕು, ಒಳಗೆ ಬಿದ್ದ ನೀರು ತಾನಾಗಿ ಹಿಂದಕ್ಕೆ ಹರಿದು ತೂತಿನಿಂದ ಹೋಗಲಿ. ಒಂದು ಬಕೆಟ್ ನೀರು ಮೂತಿಯಲ್ಲಿ ಸುರಿದು ಪರೀಕ್ಷೆ ಮಾಡಿ. ಒಳಗಿರುವ ತರಗೆಲೆ, ಥರ್ಮೋಕೋಲ್ ಚೂರು, ಗುಟ್ಕಾ ಚೀಟಿ ಎಲ್ಲ ಗುಡಿಸಿ ತೆಗೆಯಿರಿ. ಒಂದು ಹಲಸಿನೆಲೆ ಸಾಕು, ತೂತಿಗೆ ಚಪ್ಪಟೆ ಕೂತು ಪ್ಲಗ್ಗಿಗಿಂತ ಚೆನ್ನಾಗಿ ಮುಚ್ಚುತ್ತದೆ.

ತಾಡಪಾಲಿಗೆ ನಡುವೆ ಉದ್ದಕ್ಕೂ ಬಿದಿರಿನ ಅಥವಾ ಪಿವಿಸಿ ಪೈಪಿನ ತೊಲೆ ಬೇಕು, ಮನೆಯ ಮಾಡಿನಂತೆ ಎರಡೂ ಕಡೆ ಚೆನ್ನಾಗಿ ಇಳಿಜಾರು ಇರಬೇಕು. ಇಳಿಜಾರು ಕಡಿಮೆಯಾದರೆ ನೀರು ಮಡುಗಟ್ಟಿ ಬಟ್ಟೆ ಜಗ್ಗುತ್ತದೆ, ಜಗ್ಗಿದಷ್ಟೂ ಹೆಚ್ಚು ನಿಲ್ಲುತ್ತದೆ, ಕೊನೆಗೆ ಹರಿಯುತ್ತದೆ. ಬಿದಿರಿನ ಚೂಪು ತುದಿಗೆ ಹಳೇ ಟ್ಯೂಬ್ ಸುತ್ತಿ. ಅಗ್ಗದ ತೆಳು ನೀಲಿ ಹಾಳೆ ಒಂದು ಮಳೆಗಾಲ ಪೂರ್ತಿ ಬರುವುದಿಲ್ಲ. ಲಾರಿಯವರು ಬಳಸುವ ದಪ್ಪದ್ದು ತನ್ನಿ. ಮುಂದೆ ಹಿಂದೆ ಎರಡೂ ಬಾಯಿ ತೆರೆದಿರಲಿ, ಗಾಳಿ ಹಾಯಬೇಕು. ಹಗ್ಗವನ್ನು ಟ್ರೇಲರಿಗೆ ಅಥವಾ ನೆಲದ ಗೂಟಕ್ಕೆ ಕಟ್ಟಿ, ಬೋಟಿನ ಊರುಗೋಲಿಗೆ ಮಾತ್ರ ಕಟ್ಟಲೇಬೇಡಿ. ಗಾಳಿಗೆ ತಾಡಪಾಲು ಬಡಿದಾಡಿದರೆ ಊರುಗೋಲನ್ನೇ ಎಳೆದುಹಾಕುತ್ತದೆ.

ಟ್ರೇಲರ್ ಇಲ್ಲ. ಚಿರೆಕಲ್ಲಿನ ಮೇಲೆ ಕೂರಿಸಬಹುದೇ?

ಕೂರಿಸಬಹುದು, ಆದರೆ ಕಲ್ಲಿನ ಮೇಲೆ ನೇರವಾಗಿ ಅಲ್ಲ. ಒದ್ದೆ ಚಿರೆಕಲ್ಲಿನ ಮೂಲೆ ಪುಡಿಯಾಗುತ್ತದೆ. ಮೇಲೆ ಅಗಲ ಹಲಗೆ, ಅದರ ಮೇಲೆ ಹಳೇ ಕಾರ್ಪೆಟ್ ಇಟ್ಟು ಕೀಲಿನ ಭಾಗಕ್ಕೆ (ತಳದ ನಡುವೆ ಉದ್ದಕ್ಕೂ ಇರುವ ಬೆನ್ನೆಲುಬಿಗೆ) ಕನಿಷ್ಠ ಮೂರು ಕಡೆ ಆಧಾರ ಕೊಡಿ. ಮುಖ್ಯ ಭಾರ ಕೀಲಿನ ಮೇಲಿರಬೇಕು, ಪಕ್ಕದ ಊರುಗೋಲು ವಾಲದಂತೆ ತಡೆಯಲಿಕ್ಕಷ್ಟೇ. ಕೆಂಪು ಮಣ್ಣು ನಾಲ್ಕು ಮಳೆಗೆ ಬೆಣ್ಣೆಯಾಗುತ್ತದೆ. ಪ್ರತಿ ಕಾಲಿನಡಿಗೂ ಒಂದೂವರೆ ಅಡಿ ಅಗಲದ ಹಲಗೆ ಹಾಕಿ. ಗೆದ್ದಲು ಇರುವ ಜಾಗವಾದರೆ ಮಳೆಗೆ ಮೊದಲೇ ಔಷಧ ಹೊಡೆಯಿರಿ. ಬೋಟಿನ ಹಿಂಬದಿ ಗೋಡೆಯಾದ ಟ್ರಾನ್ಸಮ್ಮಿನೊಳಗಿನ ಪ್ಲೈವುಡ್ ಗೆದ್ದಲಿಗೆ ಸಿಕ್ಕರೆ ಇಂಜಿನ್ ಕೂರಿಸಲು ಜಾಗವೇ ಉಳಿಯುವುದಿಲ್ಲ. ತೆಂಗಿನ ಮರದಡಿ ಮಾತ್ರ ಬೇಡ.

ಬೂಷ್ಟು, ಇಲಿ, ಹಾವು?

ಮೆತ್ತೆ, ಲೈಫ್ ಜಾಕೆಟ್, ಹಗ್ಗ ಎಲ್ಲ ಸಿಹಿನೀರಿನಲ್ಲಿ ತೊಳೆದು ಮೇ ಬಿಸಿಲಲ್ಲಿ ಒಣಗಿಸಿ ಮನೆಗೆ ಸಾಗಿಸಿ. ಜಾಕೆಟ್ ಮೇಲೆ ಭಾರ ಹೇರಬೇಡಿ, ಒಳಗಿನ ಫೋಮ್ ಚಪ್ಪಟೆಯಾದರೆ ತೇಲುವ ಶಕ್ತಿ ಹೋಗುತ್ತದೆ. ಫಿಶ್‌ಫೈಂಡರ್, ವಿಎಚ್‌ಎಫ್ ರೇಡಿಯೊ ಕಳಚಬಹುದಾದರೆ ಕಳಚಿ. ಪೆಟ್ಟಿಗೆಗಳ ಮುಚ್ಚಳ ತೆರೆದೇ ಇರಲಿ. ಒಳಗೆ ಬಿಳಿ ವಿನೆಗರ್‌ನಲ್ಲಿ ಒರೆಸಿ ಒಣಗಿಸಿದರೆ ಬೂಷ್ಟು ತಡವಾಗುತ್ತದೆ, ಬಾರದೇ ಇರುವುದಿಲ್ಲ.

ತಿಂಡಿಯ ಒಂದು ಚೂರೂ ಒಳಗಿರಬಾರದು. ಇಲಿಗೆ ವೈರು, ಇಂಧನದ ಪೈಪು ಎರಡೂ ಇಷ್ಟ. ಇಲಿ ಬಂದಲ್ಲಿ ಹಾವು ಬರುತ್ತದೆ. ಬೋಟಿನಡಿ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಟ್ಯಾಂಕಿನ ಗಾಳಿಕೊಳವೆ, ಇಂಜಿನ್ನಿನ ನೀರು ಬರುವ ತೂತುಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಸಣ್ಣ ಜಾಲರಿ ಕಟ್ಟಿ, ಬಟ್ಟೆ ತುರುಕಬೇಡಿ.

ಆನೋಡ್ ಸತುವಿನದ್ದೋ, ಅಲ್ಯೂಮಿನಿಯಂನದ್ದೋ?

ಆನೋಡ್ ಎಂದರೆ ಇಂಜಿನ್ನಿನ ಲೋಹದ ಬದಲು ತಾನೇ ಸವೆಯುವ ಲೋಹದ ತುಂಡು. ನದಿಯಲ್ಲಿ ಇರುವ ಬೋಟಿಗೆ ಅಲ್ಯೂಮಿನಿಯಂ. ಅಳಿವೆಯ ನೀರು ಬೇಸಿಗೆಯಲ್ಲಿ ಉಪ್ಪು, ಮಳೆಗಾಲದ ನಂತರ ಸಪ್ಪೆ. ಸಪ್ಪೆ ನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಅರ್ಧ ಸವೆದಿದ್ದರೆ ಬದಲಿಸಿ. ಮೇಲೆ ಬಣ್ಣ ಬಳಿಯಬೇಡಿ.

ಟ್ರೇಲರಿಗೆ ಏನು ಮಾಡಬೇಕು?

ಓಡಿ ಬಿಸಿಯಾದ ಚಕ್ರದ ಹಬ್ (ಬೇರಿಂಗ್ ಕೂರುವ ನಡುಭಾಗ) ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಉಪ್ಪುನೀರು ಎಳೆದುಕೊಳ್ಳುತ್ತದೆ. ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮರೀನ್ ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿ. ಆಕ್ಸಲ್ ಅಡಿಗೆ ಆಧಾರ ಕೊಟ್ಟು ಚಕ್ರ ನೆಲದಿಂದ ಎತ್ತಿಬಿಡಿ.

ನದಿಯಲ್ಲೇ ಲಂಗರು ಹಾಕಿ ಬಿಟ್ಟರೇನು?

ಪ್ರತಿದಿನ ನೀರು ಎತ್ತಿಹಾಕುವ ಮನುಷ್ಯ ಇದ್ದರೆ ಮಾತ್ರ. ಬಿಲ್ಜಿನ (ಬೋಟಿನ ಒಳತಳದ) ನೀರು ಹೊರಹಾಕುವ ಪಂಪ್ ಬ್ಯಾಟರಿಯನ್ನು ನಂಬಿದೆ, ಬ್ಯಾಟರಿ ಸೋಲಾರನ್ನು ನಂಬಿದೆ, ಜುಲೈಯಲ್ಲಿ ಸೂರ್ಯನನ್ನು ಯಾರೂ ನಂಬುವಂತಿಲ್ಲ. ಮೇಲಿನಿಂದ ಮರದ ದಿಮ್ಮಿಗಳೂ ತೇಲಿ ಬರುತ್ತವೆ.

ಮರದ ದೋಣಿ, ಕಯಾಕ್, ಗಾಳಿ ತುಂಬಿಸುವ ದೋಣಿ, ಹಾಯಿದೋಣಿ?

ಮರದ್ದನ್ನು ಮೇ ಬಿಸಿಲಿಗೆ ಬರಿಮೈಯಲ್ಲಿ ಬಿಟ್ಟರೆ ಹಲಗೆಯ ಸಂದು ಬಿರಿಯುತ್ತದೆ. ನೆರಳಲ್ಲಿ ನಿಧಾನ ಒಣಗಿಸಿ, ಗೇರು ಸಿಪ್ಪೆಯ ಎಣ್ಣೆ ಎರಡು ಸಲ ಹಚ್ಚಿ, ಹೆಣೆದ ತೆಂಗಿನ ಮಡಲು ಹೊದಿಸಿ. ಉಸಿರಾಡುವುದರಲ್ಲಿ ಮಡಲಿಗೆ ಸಮನಾದ ತಾಡಪಾಲು ಇಲ್ಲ. ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಬೇಕೇ ಬೇಕು.

ಕಯಾಕನ್ನು ಮುಚ್ಚಳ ತೆರೆದು, ಕವುಚಿ, ನೆರಳಲ್ಲಿಡಿ. ಬಿಗಿಯಾಗಿ ಪಟ್ಟಿ ಕಟ್ಟಿದರೆ ಶೆಕೆಗೆ ಪ್ಲಾಸ್ಟಿಕ್ ತಗ್ಗು ಬೀಳುತ್ತದೆ. ಗಾಳಿದೋಣಿಯನ್ನು ಪೂರ್ತಿ ಒಣಗಿಸಿ, ಟಾಲ್ಕಮ್ ಪುಡಿ ಉದುರಿಸಿ, ಸಡಿಲವಾಗಿ ಸುತ್ತಿ ಇಲಿಗೆ ಎಟುಕದ ಕಡೆ ಇಡಿ. ಹಾಯಿಯನ್ನು ಸಿಹಿನೀರಿನಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಿ ಸುರುಳಿ ಸುತ್ತಿ, ಮಡಚಬೇಡಿ. ಹಾಯಿಯ ಕೂವೆಕಂಬ ಇಳಿಸಿ ಮಲಗಿಸಿ.

ಮಳೆಗಾಲದ ನಡುವೆ ಹೋಗಿ ನೋಡಬೇಕೇ?

ಹತ್ತು ಹದಿನೈದು ದಿನಕ್ಕೊಮ್ಮೆ, ದೊಡ್ಡ ಗಾಳಿಮಳೆ ಬಂದ ಮರುದಿನ ತಪ್ಪದೆ. ಡ್ರೈನ್ ತೂತಿಗೆ ಕಡ್ಡಿ ಹಾಕಿ, ಹಗ್ಗ ಬಿಗಿ ಮಾಡಿ, ಊರುಗೋಲಿನಡಿಯ ಮಣ್ಣು ನೋಡಿ. ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ, ಮತ್ತೆ ಕಡ್ಡಿ ಒಳಗಿರುವಂತೆ ಬಿಡಿ. ಬಿಸಿಲು ಬಿದ್ದ ದಿನ ಹೋದರೆ ತಾಡಪಾಲು ಎರಡು ಗಂಟೆ ಸರಿಸಿಡಿ.

ಮತ್ತೆ ಇಳಿಸುವುದು ಯಾವಾಗ, ಹೇಗೆ?

ನೂಲ ಹುಣ್ಣಿಮೆಗೆ, ಇಲ್ಲಿನವರ ನಾರಳಿ ಪೂರ್ಣಿಮೆಗೆ, ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಹೊರಡುತ್ತಾರೆ. ಅವರ ಬೋಟು ದೊಡ್ಡದು, ಅನುಭವವೂ ದೊಡ್ಡದು. 16 ಅಡಿಯ ವಿಹಾರ ಬೋಟಿಗೆ ಸೆಪ್ಟೆಂಬರ್ ಕೊನೆಯವರೆಗೆ ಅವಸರ ಬೇಡ. ಅಕ್ಟೋಬರ್‌ನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇರುತ್ತದೆ, ಬೆಳಿಗ್ಗೆ ಹೋಗಿ ಬನ್ನಿ. ನೋಂದಣಿ, ವಿಮೆಯ ಅವಧಿ ಮುಗಿದಿದ್ದರೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯ ಕೆಲಸ ಮೊದಲೇ ಮುಗಿಸಿ.

ದಡದಲ್ಲೇ ಹೊಸ ಪೆಟ್ರೋಲ್ ತುಂಬಿ, ಮಫ್ ಹಾಕಿ ಇಂಜಿನ್ ಹಿಡಿಸಿ. ಮೊದಲ ಕೆಲವು ನಿಮಿಷ ಬಿಳಿ ಹೊಗೆ ಬರುವುದು ಸಿಲಿಂಡರಿಗೆ ಬಿಟ್ಟ ಎಣ್ಣೆಯದ್ದು, ಗಾಬರಿ ಬೇಡ. ಹೊಗೆ ನಿಂತ ಮೇಲೆ ಹೊಸ ಪ್ಲಗ್ ಹಾಕಿ. ನೀರಿನ ಧಾರೆ ತೆಳುವಾಗಿದ್ದರೆ ಮೊದಲು ಸಣ್ಣ ತೂತಿಗೆ ನೈಲಾನ್ ದಾರ ತೂರಿಸಿ ನೋಡಿ, ಹೆಚ್ಚಿನ ಸಲ ಕಣಜದ ಮಣ್ಣು. ಆಗಲೂ ಸರಿಯಾಗದಿದ್ದರೆ ಇಂಪೆಲರ್ ಬದಲಿಸಿ. ಎರಡು ವರ್ಷ ಹಳೆಯದಾದರೆ ಧಾರೆ ಚೆನ್ನಾಗಿದ್ದರೂ ಬದಲಿಸುವುದೇ ಒಳ್ಳೆಯದು. ಡ್ರೈನ್ ಪ್ಲಗ್ ಹಾಕಿ ನೀರಿಗೆ ಇಳಿಸಿದ ಮೇಲೆ ಟ್ರೇಲರಿನ ಕೊಕ್ಕೆ ಬಿಚ್ಚುವ ಮೊದಲು ಐದು ನಿಮಿಷ ಹಾಗೇ ನಿಲ್ಲಿಸಿ, ಬಿಲ್ಜಿಗೆ ಟಾರ್ಚ್ ಹಿಡಿದು ನೋಡಿ. ಮೊದಲ ಓಟ ದಡ ಕಾಣುವಷ್ಟೇ ದೂರ, ಅರ್ಧ ಗಂಟೆ. ವಾಪಸ್ ಬಂದ ಮೇಲೆ ಪ್ರೊಪೆಲರ್ ನಟ್ಟು ಮತ್ತು ಗೇರ್ ಆಯಿಲ್ಲಿನ ಎರಡೂ ಸ್ಕ್ರೂಗಳ ಸುತ್ತ ಎಣ್ಣೆ ಜಿನುಗಿದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಿ.